ನಾಯಿಯ ಮೊಣಕಾಲಿನ ಲಿಗಮೆಂಟ್ ಹರಿದಾಗ: ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಹಿಂಗಾಲು ಎತ್ತಿಕೊಂಡು ಕುಂಟುವ ನಾಯಿಗೆ ನಮ್ಮ ಕಡೆ ಮೊದಲು ಸಿಗುವುದು ಒಂದು ನೋವಿನ ಇಂಜೆಕ್ಷನ್. ಮರುದಿನ ಅದು ನಾಲ್ಕೂ ಕಾಲೂರಿ ಗೇಟಿನವರೆಗೆ ಓಡುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ವಾರ ಕಳೆಯುವುದರೊಳಗೆ ಮತ್ತೆ ಕುಂಟು, ಮತ್ತೆ ಇಂಜೆಕ್ಷನ್. ಈ ಸುತ್ತು ಎರಡು ಮೂರು ಬಾರಿ ಮುಗಿಯುವಷ್ಟರಲ್ಲಿ ಅರೆಬರೆ ಹರಿದಿದ್ದ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರಿನ ಪಟ್ಟಿ, ಪೂರ್ತಿ ಹರಿದಿರುತ್ತದೆ, ಪಕ್ಕದ ಮೃದ್ವಸ್ಥಿಯೂ ನಜ್ಜುಗುಜ್ಜಾಗಿರುತ್ತದೆ. ನೋವು ಕಡಿಮೆಯಾಗುವುದೂ ಗಾಯ ಗುಣವಾಗುವುದೂ ಬೇರೆ ಬೇರೆ ಎಂಬುದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ನಾಯಿಗಳ ಮೊಣಕಾಲು ಉಳಿಯುತ್ತದೆ.

ಮಂಗಳೂರು, ಉಡುಪಿಯ ಮನೆಗಳಲ್ಲಿ ಈಗ ಲ್ಯಾಬ್ರಡಾರ್, ರಾಟ್‌ವೈಲರ್, ಗೋಲ್ಡನ್ ರಿಟ್ರೀವರ್‌ಗಳು ಸಾಮಾನ್ಯವಾಗಿವೆ. ಇವುಗಳಲ್ಲಿ, ಅದರಲ್ಲೂ ಮೊದಲಿನ ಎರಡರಲ್ಲಿ, ಈ ತೊಂದರೆ ಹೆಚ್ಚು. ಬಹಳಷ್ಟು ಮಂದಿ ಬಂದು ಕೇಳುವ ಮೊದಲ ಪ್ರಶ್ನೆ ‘ಯಾವ ಆಪರೇಷನ್ ಒಳ್ಳೆಯದು?’ ಎಂಬುದು. ಅದಕ್ಕೂ ಮೊದಲು ಉತ್ತರಿಸಬೇಕಾದ ಪ್ರಶ್ನೆಗಳು ಎರಡು: ನಿಮ್ಮ ನಾಯಿಯ ತೂಕ ಎಷ್ಟು? ಮುಂದಿನ ಮೂರು ತಿಂಗಳು ಅದನ್ನು ಓಡದಂತೆ, ನೆಗೆಯದಂತೆ ನೋಡಿಕೊಳ್ಳಲು ಮನೆಯಲ್ಲಿ ಯಾರಿದ್ದಾರೆ? ಇವೆರಡಕ್ಕೆ ಪ್ರಾಮಾಣಿಕ ಉತ್ತರ ಸಿಕ್ಕಿದ ಮೇಲೆ ಚಿಕಿತ್ಸೆಯ ಆಯ್ಕೆ ಅರ್ಧ ತೀರ್ಮಾನವಾದಂತೆಯೇ.

ಮೊಣಕಾಲಿನೊಳಗೆ ಆಗುವುದೇನು

ತೊಡೆಯ ಮೂಳೆಯೂ ಕೆಳಗಾಲಿನ ಮೂಳೆಯೂ ಸೇರುವಲ್ಲಿ ಎರಡು ಲಿಗಮೆಂಟ್‌ಗಳು ಒಂದನ್ನೊಂದು ಅಡ್ಡ ಹಾಯ್ದು ಕೂತಿವೆ. ಮುಂದಿನದು ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುತ್ತದೆ. ಫುಟ್‌ಬಾಲ್ ಆಟಗಾರರಿಗೆ ಹರಿಯುವ ಎಸಿಎಲ್ ಇದೇ. ಆದರೆ ಮನುಷ್ಯರಲ್ಲಿ ಅದು ಬಹುಮಟ್ಟಿಗೆ ಒಂದು ಕ್ಷಣದ ಪೆಟ್ಟಿನಿಂದ ಹರಿದರೆ, ನಾಯಿಗಳಲ್ಲಿ ತಿಂಗಳುಗಟ್ಟಲೆ ಎಳೆ ಎಳೆಯಾಗಿ ಸವೆದು, ಕೊನೆಗೆ ಮೆಟ್ಟಿಲಿಳಿಯುವಂಥ ಸಣ್ಣ ನೆಪಕ್ಕೆ ತುಂಡಾಗುತ್ತದೆ. ‘ಬೆಕ್ಕನ್ನು ಅಟ್ಟಿಸಿಕೊಂಡು ಹೋದದ್ದರಿಂದ ಹೀಗಾಯಿತು’ ಎಂದು ಮನೆಯ ಮಕ್ಕಳನ್ನು ಬೈಯಬೇಕಾಗಿಲ್ಲ. ತಳಿ, ತೂಕ, ವಯಸ್ಸು, ಮೂಳೆಯ ಆಕಾರ ಎಲ್ಲವೂ ಸೇರಿ ಅದನ್ನು ಮೊದಲೇ ದುರ್ಬಲಗೊಳಿಸಿರುತ್ತವೆ.

ನಾಯಿಯ ಕೆಳಗಾಲಿನ ಮೂಳೆಯ ಮೇಲ್ತುದಿ ಸಮತಟ್ಟಾಗಿಲ್ಲ. ಹಿಂದಕ್ಕೆ ಸರಾಸರಿ 25 ಡಿಗ್ರಿಯ ಆಸುಪಾಸಿನಲ್ಲಿ ಇಳಿಜಾರಾಗಿದೆ. ಕದ್ರಿ ಗುಡ್ಡೆಯ ಏರಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಕೈಗಾಡಿಯನ್ನು ನೆನೆಯಿರಿ. ಹಗ್ಗ ತುಂಡಾದರೆ ಗಾಡಿ ಜಾರುತ್ತದೆ. ಹಾಗೆಯೇ ಲಿಗಮೆಂಟ್ ಹರಿದ ಮೇಲೆ ನಾಯಿ ಪ್ರತಿ ಸಲ ಕಾಲೂರಿದಾಗಲೂ ತೊಡೆಯ ಮೂಳೆ ಆ ಇಳಿಜಾರಿನಲ್ಲಿ ಹಿಂದಕ್ಕೆ ಜಾರುತ್ತದೆ, ಕೆಳಗಾಲು ಮುಂದಕ್ಕೆ ತಳ್ಳಿಕೊಳ್ಳುತ್ತದೆ. ಮುಂದೆ ಹೇಳಲಿರುವ ಶಸ್ತ್ರಚಿಕಿತ್ಸೆಗಳಲ್ಲಿ ಒಂದು ಹೊಸ ಹಗ್ಗ ಕಟ್ಟುತ್ತದೆ, ಇನ್ನೊಂದು ಇಳಿಜಾರನ್ನೇ ತೆಗೆದುಹಾಕುತ್ತದೆ. ಈ ಜಾರಾಟದ ನಡುವೆ ಸಿಕ್ಕಿ ಅರೆಯಲ್ಪಡುವುದು ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಮೃದ್ವಸ್ಥಿ. ಹೆಚ್ಚಿನ ನೋವು ಅದರದು.

ಮೊದಲ ಎರಡು ದಿನ

ಕುಂಟುವುದು ಕಂಡ ಕೂಡಲೇ ನಾಯಿಯನ್ನು ಒಂದು ಕೋಣೆಯಲ್ಲಿಯೋ ಜಗಲಿಯ ಮೂಲೆಯಲ್ಲಿಯೋ ಕಟ್ಟಿಹಾಕಿ. ಪಾದದಡಿ ಮುಳ್ಳು, ಗಾಜಿನ ಚೂರು, ಉಗುರು ಮುರಿದ ಗುರುತು ಇದೆಯೇ ಎಂದು ಬೆರಳ ಸಂದುಗಳನ್ನು ಬಿಡಿಸಿ ನೋಡಿ. ಮಳೆಗಾಲದಲ್ಲಿ ತೋಟದಿಂದ ಬಂದ ನಾಯಿಯ ಕಾಲು ದಿಢೀರನೆ ಬಾತಿದ್ದರೆ ಹಾವು ಕಚ್ಚಿರಬಹುದು. ಆಗ ಯಾವ ಲೇಖನವನ್ನೂ ಓದುತ್ತ ಕೂರಬಾರದು, ತಕ್ಷಣ ವೈದ್ಯರಲ್ಲಿಗೆ ಧಾವಿಸಬೇಕು.

ಮಾಡಬಾರದ ಕೆಲಸಗಳಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದುದು ಮನುಷ್ಯರ ನೋವಿನ ಮಾತ್ರೆ ಕೊಡುವುದು. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ನಮ್ಮ ಅಂದಾಜಿನ ‘ಅರ್ಧ ಮಾತ್ರೆ’ ಸಾಕಷ್ಟು ನಾಯಿಗಳ ಜೀವಕ್ಕೆ ಮುಳುವಾಗಿದೆ. ‘ಉಳುಕು ತೆಗೆಯುತ್ತೇವೆ’ ಎಂದು ಎಣ್ಣೆ ಹಚ್ಚಿ ಕಾಲನ್ನು ಎಳೆಯುವುದು, ಬಿದಿರು ಸಿಗಿದು ಬಿಗಿಯಾಗಿ ಕಟ್ಟುವುದು ಕೂಡ ಬೇಡ. ಮೊಣಕಾಲಿನ ಕೆಳಗೆ ಬಿಗಿಯಾಗಿ ಬಿದ್ದ ಕಟ್ಟು ರಕ್ತಸಂಚಾರವನ್ನು ತಡೆದು ಪಾದವನ್ನೇ ಕೊಳೆಯಿಸಬಲ್ಲದು.

ಇನ್ನೊಂದು ಮಾತು, ಬಹಳ ಮುಖ್ಯವಾದುದು. ವೈದ್ಯರು ಕೊಟ್ಟ ಇಂಜೆಕ್ಷನ್‌ನ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅದು ಸ್ಟಿರಾಯ್ಡ್ ಆಗಿದ್ದು, ಅದರ ಹಿಂದೆಯೇ ಇನ್ನೊಬ್ಬ ವೈದ್ಯರು ನಾಯಿಗಳ ನೋವಿನ ಔಷಧಗಳಾದ ಮೆಲಾಕ್ಸಿಕ್ಯಾಮ್ ಅಥವಾ ಕಾರ್‌ಪ್ರೊಫೇನ್ ಕೊಟ್ಟರೆ, ಎರಡೂ ಸೇರಿ ಜಠರವನ್ನೋ ಕರುಳನ್ನೋ ತೂತು ಮಾಡಬಹುದು. ಎರಡರ ನಡುವೆ ದಿನಗಳ ಅಂತರ ಬೇಕು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಹಿಂದೆ ಏನು ಕೊಟ್ಟಿದ್ದಾರೆಂದು ಗೊತ್ತಿಲ್ಲದೆ ಅವರು ತಾನೆ ಹೇಗೆ ಹೇಳಿಯಾರು?

ಮನೆಯಲ್ಲೇ ಕಾಣುವ ಗುರುತುಗಳು

ಲಿಗಮೆಂಟ್ ಪೂರ್ತಿ ಹರಿದಾಗ ನಾಯಿ ಕಾಲನ್ನು ಎತ್ತಿಯೇ ಇಟ್ಟುಕೊಳ್ಳುತ್ತದೆ. ಕೆಲವು ದಿನ ಕಳೆದ ಮೇಲೆ ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಲ್ಲುತ್ತದೆ. ಅರೆ ಹರಿದಾಗ ಗುರುತುಗಳು ಸೂಕ್ಷ್ಮ. ಮಲಗೆದ್ದಾಗ ನಾಲ್ಕು ಹೆಜ್ಜೆ ಬಿಗುವಾಗಿ ನಡೆದು ಆಮೇಲೆ ಸರಿಯಾಗುತ್ತದೆ. ಕಾರಿಗೆ ಹಾರಲು ಹಿಂಜರಿಯುತ್ತದೆ. ಸಂಜೆ ತಣ್ಣೀರುಬಾವಿಯ ಮರಳಿನಲ್ಲಿ ಆಡಿದ ಮರುದಿನ ಬೆಳಗ್ಗೆ ಕುಂಟು ಹೆಚ್ಚುತ್ತದೆ.

ಕುಳಿತುಕೊಳ್ಳುವ ಭಂಗಿಯನ್ನು ಹಿಂದಿನಿಂದ ನೋಡಿ. ಆರೋಗ್ಯವಾದ ನಾಯಿ ಎರಡೂ ಮೊಣಕಾಲು ಮಡಚಿ, ಹಿಮ್ಮಡಿಯನ್ನು ಪೃಷ್ಠದಡಿ ಸೇರಿಸಿ ಚೌಕವಾಗಿ ಕೂರುತ್ತದೆ. ನಮ್ಮ ಮನೆಯ ಲ್ಯಾಬ್ರಡಾರ್ ಹೆಣ್ಣುನಾಯಿ ಊಟದ ತಟ್ಟೆಯ ಮುಂದೆ ಕೂರುವಾಗ ಎಡಗಾಲನ್ನು ಓರೆಯಾಗಿ ಹೊರಕ್ಕೆ ಚಾಚಿ, ಭಾರವನ್ನೆಲ್ಲ ಬಲಪೃಷ್ಠದ ಮೇಲೆ ಹಾಕಿ ಕೂರುತ್ತಿತ್ತು. ಎಡತೊಡೆಯನ್ನೂ ಬಲತೊಡೆಯನ್ನೂ ಎರಡು ಅಂಗೈಗಳಲ್ಲಿ ಒಟ್ಟಿಗೆ ಹಿಡಿದು ನೋಡಿದರೆ ಎಡಗಡೆಯ ಮಾಂಸಖಂಡ ಇಳಿದದ್ದು ಕೈಗೇ ತಿಳಿಯುತ್ತಿತ್ತು. ಮೊಣಕಾಲಿನ ಒಳಬದಿಯಲ್ಲಿ ಗಟ್ಟಿ ಉಬ್ಬೊಂದು ಬೆಳೆದಿತ್ತು. ಅಂಥ ಉಬ್ಬು ಕಂಡರೆ ತೊಂದರೆ ಶುರುವಾಗಿ ವಾರಗಳೇ ಕಳೆದಿವೆ ಎಂದು ತಿಳಿಯಬೇಕು, ಅಸ್ಥಿರವಾದ ಕೀಲಿನ ಸುತ್ತ ದೇಹ ನಾರುಕಟ್ಟು ಬೆಳೆಸಿಕೊಂಡಿರುತ್ತದೆ. ನಡೆಯುವಾಗ ‘ಟಕ್’ ಎಂಬ ಸದ್ದು ಕೇಳಿಸಿದರೆ ಮೆನಿಸ್ಕಸ್ ಹರಿದಿರುವ ಸಂಶಯ ಬಲವಾಗುತ್ತದೆ.

ಇವನ್ನೆಲ್ಲ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ: ಪಕ್ಕದಿಂದ ನಡೆಯುವುದು, ಹಿಂದಿನಿಂದ ನಡೆಯುವುದು, ಕೂರುವುದು, ಏಳುವುದು. ಆಸ್ಪತ್ರೆಯ ಮೇಜಿನ ಮುಂದೆ ಹೆದರಿದ ನಾಯಿ ಕುಂಟುವುದನ್ನೇ ಮರೆತುಬಿಡುತ್ತದೆ.

ಪರೀಕ್ಷೆ: ಉಣ್ಣಿ ಜ್ವರವೋ, ಚಿಪ್ಪು ಜಾರಿದ್ದೋ, ಲಿಗಮೆಂಟೋ

ನಮ್ಮ ಊರಿನ ನಾಯಿ ಕುಂಟಿದರೆ ಉಣ್ಣಿಯನ್ನು ಮರೆಯುವಂತಿಲ್ಲ. ಕಂದು ಉಣ್ಣಿ ಹರಡುವ ಎರ್ಲಿಕಿಯೋಸಿಸ್ ಎಂಬ ಉಣ್ಣಿ ಜ್ವರ ಕೀಲುಗಳನ್ನು ಊದಿಸುತ್ತದೆ. ಇಂದು ಈ ಕಾಲು, ನಾಡಿದ್ದು ಇನ್ನೊಂದು ಕಾಲು ಎಂದು ಕುಂಟು ಜಾಗ ಬದಲಿಸಿದರೆ, ಜತೆಗೆ ಜ್ವರ, ಊಟ ಬಿಡುವುದು, ಮಂಕು ಕಂಡರೆ ಮೊದಲು ರಕ್ತಪರೀಕ್ಷೆ. ಪ್ಲೇಟ್‌ಲೆಟ್ ಎಣಿಕೆ ಕೇಳಿ ಮಾಡಿಸಿ. ಲಿಗಮೆಂಟ್ ಹರಿದದ್ದು ಖಚಿತವಾಗಿದ್ದರೂ ಈ ಪರೀಕ್ಷೆ ಬೇಕೇ ಬೇಕು, ಏಕೆಂದರೆ ಪ್ಲೇಟ್‌ಲೆಟ್ ಇಳಿದಿರುವ ನಾಯಿಯನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಹತ್ತಿಸಿದರೆ ರಕ್ತ ನಿಲ್ಲುವುದು ಕಷ್ಟ.

ಪೊಮೆರೇನಿಯನ್, ಪಗ್‌ನಂಥ ಸಣ್ಣ ನಾಯಿ ನಾಲ್ಕು ಹೆಜ್ಜೆ ಕಾಲೆತ್ತಿ ಕುಪ್ಪಳಿಸಿ ಮತ್ತೆ ಸರಿಯಾಗಿ ನಡೆದರೆ ಅದು ಹೆಚ್ಚಾಗಿ ಮಂಡಿಚಿಪ್ಪು ಜಾರುವ ತೊಂದರೆ. ಅದರ ಚಿಕಿತ್ಸೆಯೇ ಬೇರೆ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲಿನ ದೋಷ, ವಯಸ್ಸಾದ ದೊಡ್ಡ ನಾಯಿಗಳಲ್ಲಿ ಮೂಳೆಯ ಗಡ್ಡೆ ಇವನ್ನೂ ವೈದ್ಯರು ಪರಿಶೀಲಿಸುತ್ತಾರೆ.

ಲಿಗಮೆಂಟ್ ಪತ್ತೆಗೆ ಕೈಯ ಪರೀಕ್ಷೆಯೇ ಮುಖ್ಯ. ತೊಡೆಯ ಮೂಳೆಯನ್ನು ಸ್ಥಿರವಾಗಿ ಹಿಡಿದು ಕೆಳಗಾಲಿನ ಮೂಳೆಯನ್ನು ಮುಂದಕ್ಕೆ ಸರಿಸಿ ನೋಡುತ್ತಾರೆ, ಇದಕ್ಕೆ ಡ್ರಾಯರ್ ಪರೀಕ್ಷೆ ಎಂದು ಹೆಸರು. ಸರಿದರೆ ಲಿಗಮೆಂಟ್ ಹರಿದಿದೆ. ನೋವಿನಿಂದ ನಾಯಿ ಸ್ನಾಯುಗಳನ್ನು ಬಿಗಿಹಿಡಿದರೆ ಈ ಸರಿತ ಗೊತ್ತಾಗುವುದಿಲ್ಲ, ಆದ್ದರಿಂದ ಮಂಪರು ಕೊಟ್ಟು ಮತ್ತೊಮ್ಮೆ ನೋಡುವುದು ವಾಡಿಕೆ. ವೈದ್ಯರು ಮಂಪರಿನ ಮಾತೆತ್ತಿದರೆ ಹೆದರಬೇಡಿ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣಿಸುವುದಿಲ್ಲ. ಕೀಲಿನಲ್ಲಿ ನೀರು ತುಂಬಿದ್ದು, ಸಂಧಿವಾತ ಎಷ್ಟು ಬೆಳೆದಿದೆ ಎಂಬುದು, ಮೂಳೆಯ ಇಳಿಜಾರಿನ ಕೋನ ಇವು ಅದರಲ್ಲಿ ಕಾಣುತ್ತವೆ. ಆ ಕೋನ ಅಳೆಯಬೇಕಾದರೆ ಮೊಣಕಾಲು, ಹಿಮ್ಮಡಿಯ ಕೀಲು ಎರಡೂ 90 ಡಿಗ್ರಿಗೆ ಮಡಚಿದ ಪಕ್ಕನೋಟದ ಚಿತ್ರ ಬೇಕು. ಇಲ್ಲಿ ತೆಗೆಸಿದ ಎಕ್ಸ್‌ರೇಯನ್ನು ಬೆಂಗಳೂರಿನ ಶಸ್ತ್ರವೈದ್ಯರಿಗೆ ಕಳುಹಿಸುವುದಾದರೆ ಈ ಭಂಗಿಯಲ್ಲೇ ತೆಗೆಯಲು ಮೊದಲೇ ಹೇಳಿ. ಇಲ್ಲವಾದರೆ ಅಲ್ಲಿ ಮತ್ತೊಮ್ಮೆ ಮಂಪರು, ಮತ್ತೊಮ್ಮೆ ಖರ್ಚು.

ಶಸ್ತ್ರಚಿಕಿತ್ಸೆ ಇಲ್ಲದ ದಾರಿ ಯಾರಿಗೆ

1984ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇವತ್ತಿಗೂ ವೈದ್ಯರು ನೆನೆಯುತ್ತಾರೆ. ಶಸ್ತ್ರಚಿಕಿತ್ಸೆ ಮಾಡದೆ ಬಿಟ್ಟ ನಾಯಿಗಳಲ್ಲಿ 15 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದವುಗಳ ಪೈಕಿ ಶೇಕಡಾ 86ರಷ್ಟು ಸುಧಾರಿಸಿದವು. ಅದಕ್ಕಿಂತ ಭಾರದವುಗಳಲ್ಲಿ ಸುಧಾರಿಸಿದ್ದು ಶೇಕಡಾ 19 ಮಾತ್ರ. ತೂಕದ ಪ್ರಶ್ನೆಯನ್ನು ನಾನು ಮೊದಲೇ ಎತ್ತಿದ್ದು ಇದಕ್ಕಾಗಿಯೇ. ಎಂಟು ಕಿಲೋದ ಮನೆನಾಯಿಗೆ ಮೊದಲು ಆರರಿಂದ ಎಂಟು ವಾರ ಕಟ್ಟುನಿಟ್ಟಿನ ವಿಶ್ರಾಂತಿ ಕೊಟ್ಟು ನೋಡುವುದು ನ್ಯಾಯವಾದ ಆಯ್ಕೆ. 35 ಕಿಲೋದ ಲ್ಯಾಬ್ರಡಾರ್‌ಗೆ ಅದೇ ಸಲಹೆ ಸಿಕ್ಕಿದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು.

ಹಾಗೆಂದು ದೊಡ್ಡ ನಾಯಿಗೆ ಬೇರೆ ದಾರಿಯೇ ಇಲ್ಲವೆಂದಲ್ಲ. ಹೃದಯದ ಕಾಯಿಲೆ, ಮೂತ್ರಪಿಂಡದ ತೊಂದರೆ, ತೀರಾ ವಯಸ್ಸು, ಮನೆಯವರ ಹಣಕಾಸು ಯಾವುದಾದರೂ ಅಡ್ಡ ಬರಬಹುದು. 2013ರ ಇನ್ನೊಂದು ಅಧ್ಯಯನ ತೂಕ ಹೆಚ್ಚಿದ್ದ 40 ನಾಯಿಗಳನ್ನು ತೆಗೆದುಕೊಂಡಿತು. ಎಲ್ಲವಕ್ಕೂ ತೂಕ ಇಳಿಸುವ ಆಹಾರ, ಔಷಧ, ವ್ಯಾಯಾಮ ಕೊಟ್ಟು, ಒಂದು ಗುಂಪಿಗೆ ಮಾತ್ರ ಶಸ್ತ್ರಚಿಕಿತ್ಸೆಯನ್ನೂ ಮಾಡಿತು. ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ಶೇಕಡಾ 75, ಆಗದವುಗಳಲ್ಲಿ ಶೇಕಡಾ 64ರಷ್ಟು ಒಳ್ಳೆಯ ಫಲ ಕಂಡವು. ಶಸ್ತ್ರಚಿಕಿತ್ಸೆ ಮೇಲುಗೈ ಪಡೆದದ್ದು ನಿಜ. ಆದರೆ ಅದು ಸಾಧ್ಯವಾಗದ ಮನೆಯವರು ಕೈಚೆಲ್ಲಬೇಕಾಗಿಲ್ಲ ಎಂಬುದನ್ನೂ ಈ ಅಂಕಿಗಳು ಹೇಳುತ್ತವೆ. ತೂಕ ಇಳಿಸಿ, ಕ್ರಮವಾಗಿ ನಡೆಸಿದರೆ ಮಾತ್ರ.

ಈ ದಾರಿಯಲ್ಲಿ ವಿಶ್ರಾಂತಿ ಎಂದರೆ ಕಟ್ಟಿಹಾಕಿದ ವಿಶ್ರಾಂತಿ. ಮಲಮೂತ್ರಕ್ಕೆ ಮಾತ್ರ ಗಿಡ್ಡ ಹಗ್ಗದಲ್ಲಿ ಹೊರಗೆ. ಸೋಫಾ ಇಲ್ಲ, ಮೆಟ್ಟಿಲಿಲ್ಲ, ಬೇರೆ ನಾಯಿಯ ಜತೆ ಆಟವಿಲ್ಲ. ವೈದ್ಯರು ಬರೆದ ನೋವಿನ ಔಷಧವನ್ನು ಊಟದ ಜತೆಗೆ, ಹೇಳಿದ ದಿನದವರೆಗೆ ಕೊಡಿ. ವಾಂತಿ, ಕಪ್ಪು ಮಲ ಕಂಡರೆ ನಿಲ್ಲಿಸಿ ಫೋನ್ ಮಾಡಿ.

ಮೊಣಕಾಲಿನ ಬ್ರೇಸ್ ಬಗ್ಗೆ ಬಹಳ ಮಂದಿ ವಿಚಾರಿಸುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ ಮೆತ್ತನೆಯ ಬಟ್ಟೆಯ ಪಟ್ಟಿ ಕೀಲನ್ನು ಹಿಡಿದಿಡುವುದಿಲ್ಲ, ಹಣ ದಂಡ. ನಾಯಿಯ ಕಾಲಿನ ಅಚ್ಚು ತೆಗೆದು ಮಾಡಿದ ಗಟ್ಟಿ ಬ್ರೇಸ್ ಕೆಲವು ನಾಯಿಗಳಿಗೆ ಆಸರೆಯಾಗುತ್ತದೆ. ಆದರೆ ನಮ್ಮ ಸೆಕೆಯಲ್ಲಿ, ಮಳೆಗಾಲದ ತೇವದಲ್ಲಿ ಅದರಡಿ ಚರ್ಮ ಬೆವೆತಂತಾಗಿ ಹುಣ್ಣಾಗುವುದು ಬೇಗ. ಹಾಕಿದರೆ ದಿನಕ್ಕೆ ಹಲವು ಬಾರಿ ಬಿಚ್ಚಿ, ಒರೆಸಿ, ಚರ್ಮ ನೋಡಬೇಕು. ಪಿಆರ್‌ಪಿ (ನಾಯಿಯದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಸಾರ), ಸ್ಟೆಮ್ ಸೆಲ್ ಚುಚ್ಚುಮದ್ದುಗಳು ಉರಿಯೂತವನ್ನು ತಗ್ಗಿಸಲು ನೆರವಾಗಬಹುದೇನೋ, ಪೂರ್ತಿ ತುಂಡಾದ ಲಿಗಮೆಂಟನ್ನು ಜೋಡಿಸುವುದಿಲ್ಲ. ಗ್ಲುಕೋಸಮೈನ್ ಮಾತ್ರೆಯಿಂದಲೂ ಅದು ಸಾಧ್ಯವಿಲ್ಲ.

ಶಸ್ತ್ರಚಿಕಿತ್ಸೆಯ ಮೂರು ಬಗೆ

ಯಾವ ಬಗೆಯಾದರೂ ಶಸ್ತ್ರವೈದ್ಯರು ಮೊದಲು ಕೀಲಿನೊಳಗೆ ನೋಡಿ ಮೆನಿಸ್ಕಸ್ ಹರಿದಿದ್ದರೆ ಆ ಭಾಗವನ್ನು ತೆಗೆಯಬೇಕು. ‘ಮೆನಿಸ್ಕಸ್ ನೋಡುತ್ತೀರಾ?’ ಎಂದು ನೇರವಾಗಿ ಕೇಳಿ. ಅದನ್ನು ಬಿಟ್ಟು ಹೊರಗಿನಿಂದ ಎಷ್ಟು ಚೆನ್ನಾಗಿ ಕಟ್ಟಿದರೂ ನಾಯಿ ಕುಂಟುತ್ತಲೇ ಇರುತ್ತದೆ.

ಮೊದಲನೆಯದು ಕೀಲಿನ ಹೊರಗಿನಿಂದ ದಾರ ಕಟ್ಟುವ ವಿಧಾನ, ಲ್ಯಾಟರಲ್ ಸೂಚರ್. ತೊಡೆಯ ಮೂಳೆಯ ಹಿಂದಿರುವ ಸಣ್ಣ ಎಲುಬಿನ ಸುತ್ತಿನಿಂದ ಕೆಳಗಾಲಿನ ಮೂಳೆಯಲ್ಲಿ ಕೊರೆದ ತೂತಿಗೆ ದಪ್ಪ ನೈಲಾನ್ ಎಳೆ ಹಾಯಿಸಿ ಬಿಗಿಯುತ್ತಾರೆ. ಗಾಳ ಹಾಕಿ ದೊಡ್ಡ ಮೀನು ಹಿಡಿಯುವವರು ಬಳಸುವ ಒಂಟಿ ಎಳೆಯ ನೈಲಾನಿನ ಜಾತಿಯದೇ ಇದು. ಮಲ್ಪೆಯವರಿಗೆ ಅದರ ಗಟ್ಟಿತನ ವಿವರಿಸಬೇಕಾಗಿಲ್ಲ. ಈ ಎಳೆ ಶಾಶ್ವತವಲ್ಲ, ತಿಂಗಳುಗಳಲ್ಲಿ ಸಡಿಲವಾಗುತ್ತದೆ ಅಥವಾ ತುಂಡಾಗುತ್ತದೆ. ಅಷ್ಟರೊಳಗೆ ಕೀಲಿನ ಸುತ್ತ ನಾರುಕಟ್ಟು ಬೆಳೆದು ಅದರ ಕೆಲಸವನ್ನು ವಹಿಸಿಕೊಳ್ಳಬೇಕು. ಮೂಳೆ ಕತ್ತರಿಸುವುದಿಲ್ಲ, ವಿಶೇಷ ಉಪಕರಣ ಕಡಿಮೆ, ಖರ್ಚೂ ಕಡಿಮೆ. 15 ಕಿಲೋ ಒಳಗಿನ ನಾಯಿಗಳಿಗೆ ಇದು ಚೆನ್ನಾಗಿ ಒದಗುತ್ತದೆ. ಭಾರದ, ಚಟುವಟಿಕೆಯ ನಾಯಿ ನಾರುಕಟ್ಟು ಬಲಿಯುವ ಮೊದಲೇ ಅದನ್ನು ಎಳೆದು ಸಡಿಲಿಸಿಬಿಡುತ್ತದೆ.

ಎರಡನೆಯದು ಟಿಪಿಎಲ್‌ಒ. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಇದನ್ನು ವಿವರಿಸಿ ಪ್ರಕಟಿಸಿದರು. ಹಗ್ಗದ ಗೊಡವೆಯೇ ಬೇಡ, ಇಳಿಜಾರನ್ನು ಸಮ ಮಾಡೋಣ ಎಂಬುದು ಇದರ ತರ್ಕ. ಕೆಳಗಾಲಿನ ಮೂಳೆಯ ಮೇಲ್ತುದಿಯನ್ನು ಬಾಗಿದ ಗರಗಸದಿಂದ ಕಮಾನಿನಾಕಾರದಲ್ಲಿ ಕತ್ತರಿಸಿ, ಆ ತುಂಡನ್ನು ತಿರುಗಿಸಿ, ಇಳಿಜಾರು ಸುಮಾರು 5 ಡಿಗ್ರಿಗೆ ಬಂದಾಗ ಪ್ಲೇಟು, ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಆಮೇಲೆ ನಾಯಿ ಭಾರ ಹಾಕಿದರೂ ಮೂಳೆ ಜಾರುವುದಿಲ್ಲ. ದೊಡ್ಡ ನಾಯಿಗಳಲ್ಲಿ ಓಡಾಟ ಮರಳುವುದು ಇದರಲ್ಲೇ ಹೆಚ್ಚು ಭರವಸೆಯದು, ನನ್ನ ಒಲವೂ ಇದರ ಕಡೆಗೇ. ಮೂಳೆ ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು. ಸೋಂಕು ತಗಲುವುದು, ಸ್ಕ್ರೂ ಸಡಿಲವಾಗುವುದು, ಮಂಡಿಚಿಪ್ಪಿನ ಕೆಳಗಿನ ಮೂಳೆಯ ಮುಂಬು ಬಿರುಕು ಬಿಡುವುದು ಇವು ಇದರ ಅಪಾಯಗಳು. ಪಳಗಿದ ಕೈ ಬೇಕು.

ಮೂರನೆಯದು ಟಿಟಿಎ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ರೂಪುಗೊಂಡು 2002ರಲ್ಲಿ ಬೆಳಕಿಗೆ ಬಂತು. ಮಂಡಿಚಿಪ್ಪಿನ ಸ್ನಾಯುರಜ್ಜು ಅಂಟಿಕೊಂಡಿರುವ ಮೂಳೆಯ ಮುಂಬನ್ನು ಬಿಡಿಸಿ, ಮುಂದಕ್ಕೆ ಸರಿಸಿ, ನಡುವೆ ಲೋಹದ ಪಂಜರವಿಟ್ಟು ಕೂರಿಸುತ್ತಾರೆ. ಎಳೆತದ ದಿಕ್ಕು ಬದಲಾಗಿ ಜಾರಾಟ ನಿಲ್ಲುತ್ತದೆ. ಇಳಿಜಾರು ವಿಪರೀತವಾಗಿರುವ ನಾಯಿಗಳಿಗೆ ಹೊಂದುವುದಿಲ್ಲ. ಟಿಪಿಎಲ್‌ಒ, ಟಿಟಿಎ ಎರಡನ್ನೂ ಮಾಡುವ ವೈದ್ಯರು ಸಿಕ್ಕಿದರೆ ನಿಮ್ಮ ನಾಯಿಗೆ ಯಾವುದು, ಏಕೆ ಎಂದು ಎಕ್ಸ್‌ರೇ ತೋರಿಸಿಯೇ ವಿವರಿಸಲು ಕೇಳಿ. ಒಂದನ್ನೇ ಮಾಡುವವರಾದರೆ ಅದನ್ನು ಎಷ್ಟು ಮಾಡಿದ್ದಾರೆ ಎಂಬುದು ವಿಧಾನದ ಹೆಸರಿಗಿಂತ ದೊಡ್ಡ ಮಾತು.

ವಾಹನ ಬಡಿದು ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹರಿದ ಬೀದಿನಾಯಿಗಳ ವಿಷಯ ಬೇರೆ. ಅಲ್ಲಿ ಮೊದಲು ಎದೆ, ಹೊಟ್ಟೆಯ ಗಾಯ ನೋಡಬೇಕು, ಮೊಣಕಾಲು ಆಮೇಲೆ. ಶಸ್ತ್ರಚಿಕಿತ್ಸೆಗೆ ದುಡ್ಡು ಕೂಡಿಸುವ ಮೊದಲು ಅದನ್ನು ತಿಂಗಳುಗಟ್ಟಲೆ ಒಳಗಿಟ್ಟು ನೋಡಿಕೊಳ್ಳುವ ಮನೆಯೊಂದನ್ನು ಗೊತ್ತುಮಾಡಿಕೊಳ್ಳಿ.

ಎಲ್ಲಿಗೆ ಹೋಗುವುದು

ತಪಾಸಣೆ, ರಕ್ತಪರೀಕ್ಷೆ, ಎಕ್ಸ್‌ರೇ ಇವನ್ನು ಮಂಗಳೂರು, ಉಡುಪಿಯಲ್ಲೇ ಮುಗಿಸಿಕೊಳ್ಳಿ. ಮೂಳೆಯ ಶಸ್ತ್ರಚಿಕಿತ್ಸೆಗೆ ಮಾತ್ರ ಎಲ್ಲಿ ಅನುಭವಿಗಳಿದ್ದಾರೆಂದು ವಿಚಾರಿಸಿ. ಶಿವಮೊಗ್ಗ, ಹಾಸನ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ತೆಂಕಣಕ್ಕೆ ಹೋದರೆ ತ್ರಿಶೂರಿನ ಮಣ್ಣುತ್ತಿಯಲ್ಲೂ ಇದೆ. ಬೆಂಗಳೂರಿನಲ್ಲಿ ಖಾಸಗಿ ಆಸ್ಪತ್ರೆಗಳೂ ಇವೆ. ಹೊರಡುವ ಮೊದಲು ಫೋನ್ ಮಾಡಿ, ನಿಮಗೆ ಬೇಕಾದ ವಿಧಾನವನ್ನು ಅಲ್ಲಿ ಮಾಡುತ್ತಾರೆಯೇ, ಯಾವ ವಾರ ಎಂದು ಖಚಿತಪಡಿಸಿಕೊಳ್ಳಿ. ಖರ್ಚಿನ ಅಂದಾಜನ್ನು ಬರೆಸಿಕೊಳ್ಳುವಾಗ ಅದರಲ್ಲಿ ಪ್ಲೇಟು, ಅರಿವಳಿಕೆ, ಆಸ್ಪತ್ರೆ ವಾಸ, ಎಂಟನೇ ವಾರದ ಎಕ್ಸ್‌ರೇ ಸೇರಿವೆಯೇ, ತೊಡಕಾದರೆ ಮತ್ತೆ ತೆರೆಯುವ ಖರ್ಚು ಯಾರದು ಎಂಬುದನ್ನೂ ಕೇಳಿ.

ಘಟ್ಟ ಹತ್ತುವುದು ಸಣ್ಣ ವಿಷಯವಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಶಿರಾಡಿಯಲ್ಲಾಗಲಿ ಆಗುಂಬೆಯಲ್ಲಾಗಲಿ ಮಳೆಗಾಲದಲ್ಲಿ ಮಣ್ಣು ಕುಸಿದು ದಾರಿ ಮುಚ್ಚಿದ ಸುದ್ದಿ ನಮಗೆ ಹೊಸದಲ್ಲ. ಆಗುಂಬೆಯ ತಿರುವುಗಳಲ್ಲಿ ಹೊಸದಾಗಿ ಪ್ಲೇಟು ಹಾಕಿಸಿಕೊಂಡ ನಾಯಿ ಸೀಟಿನಿಂದ ಉರುಳಬಾರದು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಕಿ, ಎರಡೂ ಬದಿಗೆ ದಿಂಬು ಒತ್ತಿ, ಎದೆಪಟ್ಟಿಯನ್ನು ಸೀಟಿನ ಕೊಂಡಿಗೆ ಸಿಕ್ಕಿಸಿ. ಶಸ್ತ್ರಚಿಕಿತ್ಸೆಯಾದ ರಾತ್ರಿಯನ್ನು ಅದೇ ಊರಿನಲ್ಲಿ ಕಳೆಯುವ ಏರ್ಪಾಡು ಮಾಡಿಕೊಳ್ಳಿ. ತುರ್ತಿಲ್ಲದಿದ್ದರೆ ಜೂನ್, ಜುಲೈ ಬಿಟ್ಟು ಬೇರೆ ತಿಂಗಳು ಆರಿಸುವುದು ಒಳ್ಳೆಯದು. ಆದರೆ ಏಪ್ರಿಲ್‌ನಲ್ಲಿ ಹರಿದ ಲಿಗಮೆಂಟನ್ನು ಸೆಪ್ಟೆಂಬರ್‌ವರೆಗೆ ಮುಂದೂಡಬೇಡಿ. ಅಷ್ಟರಲ್ಲಿ ಮೆನಿಸ್ಕಸ್ ಉಳಿದಿರುವುದಿಲ್ಲ.

ನಾಯಿ ಮರಳುವ ಮೊದಲು ಮನೆ ಸಿದ್ಧವಾಗಲಿ

ನುಣುಪು ಟೈಲ್ಸ್ ಮತ್ತು ಗ್ರಾನೈಟ್ ಈ ನಾಯಿಗೆ ವೈರಿ. ಹಳೆಯ ಮನೆಯ ಮೆರುಗು ಕೊಟ್ಟ ಕಾವಿ ನೆಲವೂ ಅಷ್ಟೇ. ಮಲಗುವಲ್ಲಿಂದ ನೀರಿನ ಪಾತ್ರೆಗೆ, ಅಲ್ಲಿಂದ ಹೊರಬಾಗಿಲಿಗೆ ತೆಂಗಿನ ನಾರಿನ ಚಾಪೆ ಅಥವಾ ಯೋಗದ ಮ್ಯಾಟ್ ಹಾಸಿ, ಅಂಚುಗಳನ್ನು ಟೇಪಿನಿಂದ ಅಂಟಿಸಿ. ಅಂಗಳದ ಕೆಂಪುಕಲ್ಲಿನ ಮೇಲೆ ಪಾಚಿ ಕಟ್ಟಿದ್ದರೆ ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆದು, ಪೂರ್ತಿ ನೀರು ಹೊಯ್ದ ಮೇಲಷ್ಟೇ ನಾಯಿಯನ್ನು ಬಿಡಿ. ಜಗಲಿಯ ಮೆಟ್ಟಿಲಿಗೆ ಅಗಲದ ಹಲಗೆಯೊಂದನ್ನು ಓರೆಯಾಗಿಟ್ಟು ಅದರ ಮೇಲೂ ನಾರಿನ ಚಾಪೆ ಮೊಳೆ ಹೊಡೆದು ಕೂರಿಸಬಹುದು. ಎರಡು ಹೆಜ್ಜೆ ತಿರುಗುವಷ್ಟು ಜಾಗವಿರುವ ಗೂಡು ಅಥವಾ ಮಕ್ಕಳ ತೊಟ್ಟಿಲಿನ ಬೇಲಿಯಂಥದು ಬೇಕು, ಗೇಟ್ ಬೆಲ್ ಕೇಳಿಸದ ಕೋಣೆಯಾದರೆ ಇನ್ನೂ ಒಳ್ಳೆಯದು.

ಎಬ್ಬಿಸಿ ನಡೆಸಲು ದುಬಾರಿ ಪಟ್ಟಿ ಬೇಕಾಗಿಲ್ಲ. ಒಂದು ಬೈರಾಸನ್ನು ಉದ್ದಕ್ಕೆ ಮಡಚಿ ಹೊಟ್ಟೆಯಡಿ, ತೊಡೆಗಳ ಮುಂದಿನಿಂದ ಹಾಯಿಸಿ ಎರಡೂ ತುದಿಯನ್ನು ಬೆನ್ನ ಮೇಲೆ ಒಂದೇ ಕೈಯಲ್ಲಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಹಗ್ಗ. ನಾಯಿಯನ್ನು ಎತ್ತಬೇಡಿ, ಜಾರಿದರೆ ಹಿಡಿಯುವಷ್ಟೇ ಬಿಗಿ ಇರಲಿ. ಗಂಡುನಾಯಿಯಾದರೆ ಮೂತ್ರದ್ವಾರಕ್ಕೆ ಬಟ್ಟೆ ಅಡ್ಡವಾಗದಂತೆ ನೋಡಿಕೊಳ್ಳಿ.

ಹನ್ನೆರಡು ವಾರ

ನಿಮ್ಮ ಶಸ್ತ್ರವೈದ್ಯರು ಕೊಟ್ಟ ಕ್ರಮವೇ ಅಂತಿಮ. ಸಾಮಾನ್ಯವಾಗಿ ಅದು ಹೀಗಿರುತ್ತದೆ.

ಮೊದಲ ಮೂರು ದಿನ ತೆಳು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ಪೊಟ್ಟಣವನ್ನು ಮೊಣಕಾಲಿಗೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ. ಕುತ್ತಿಗೆಯ ಕೋನ್ ಹೊಲಿಗೆ ತೆಗೆಯುವವರೆಗೆ ಇರಬೇಕು. ‘ಪಾಪ, ಊಟ ಮಾಡಲಾಗುವುದಿಲ್ಲ’ ಎಂದು ಬಿಚ್ಚಿಟ್ಟ ಅರ್ಧ ಗಂಟೆಯಲ್ಲಿ ನಾಯಿ ಹೊಲಿಗೆಯನ್ನು ನೆಕ್ಕಿ ಬಿಡಿಸಿಬಿಡುತ್ತದೆ. ಪ್ಲೇಟಿಗೆ ಸೋಂಕು ತಗಲಿದರೆ ಅದನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕಾದೀತು. ಗಾಯವನ್ನು ಬೆಳಗ್ಗೆ, ಸಂಜೆ ನೋಡಿ. ಮಳೆಗಾಲದಲ್ಲಿ ತೇವವಾದ ಗಾಯಕ್ಕೆ ನೊಣ ಕುಳಿತು ಹುಳುವಾಗಲು ಒಂದು ದಿನ ಸಾಕು. ಮೂತ್ರಕ್ಕೆ ಮಾಡಿನಡಿಯಲ್ಲೇ ಜಾಗ ಮಾಡಿಕೊಡಿ, ಕಾಲು ಒದ್ದೆಯಾದರೆ ಆಗಲೇ ಒರೆಸಿ.

ಎರಡು ವಾರದಲ್ಲಿ ನಾಯಿ ಬೆರಳೂರಲು ತೊಡಗಬೇಕು. ನಡಿಗೆ ಐದು ನಿಮಿಷದಿಂದ ಶುರು, ವೈದ್ಯರು ಒಪ್ಪಿದ ಮೇಲೆ ವಾರಕ್ಕೆ ಐದೈದು ನಿಮಿಷ ಹೆಚ್ಚಳ. ನಿಧಾನವಾಗಿ ನಡೆಸುವುದರಲ್ಲೇ ಗುಟ್ಟಿದೆ. ವೇಗವಾಗಿ ಹೋದರೆ ನಾಯಿ ಕಾಲೆತ್ತಿ ಮೂರರಲ್ಲೇ ಕುಪ್ಪಳಿಸುತ್ತದೆ, ತೀರಾ ನಿಧಾನವಾದಾಗ ನಾಲ್ಕನೆಯದನ್ನು ಊರಲೇಬೇಕಾಗುತ್ತದೆ. ಎದ್ದು ಕೂರುವ ವ್ಯಾಯಾಮ ತೊಡೆಯ ಮಾಂಸಖಂಡವನ್ನು ಮರಳಿ ಕಟ್ಟುತ್ತದೆ. ಗೋಡೆಗೆ ಒರಗಿಸಿ ಕೂರಿಸಿದರೆ ಕಾಲನ್ನು ಹೊರಚಾಚಲು ಆಗುವುದಿಲ್ಲ.

ಅತ್ಯಂತ ಕಷ್ಟದ ದಿನಗಳು ಬರುವುದು ಮೂರನೆಯ ವಾರದಿಂದ ಆರನೆಯ ವಾರದವರೆಗೆ. ನೋವು ಹೋಗಿರುತ್ತದೆ, ಮೂಳೆ ಕೂಡಿರುವುದಿಲ್ಲ, ನಾಯಿಗೆ ಹುಮ್ಮಸ್ಸು ತುಂಬಿರುತ್ತದೆ. ಬಹುತೇಕ ಅನಾಹುತಗಳು ಆಗುವುದು ಈ ಹೊತ್ತಿನಲ್ಲಿ, ನೆಂಟರು ಬಂದಾಗ ಅಥವಾ ದೀಪಾವಳಿಯ ಪಟಾಕಿಗೆ ಹೆದರಿ ಹಾರಿದಾಗ. ಮನೆಯಲ್ಲಿ ಕೋಲ, ಮದುವೆಯಂಥ ಕಾರ್ಯಕ್ರಮವಿದ್ದರೆ ಶಸ್ತ್ರಚಿಕಿತ್ಸೆಯ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಊಟವನ್ನು ಮುಚ್ಚಿದ ಡಬ್ಬಿಯಲ್ಲೋ ಮಡಚಿದ ಗೋಣಿಯಲ್ಲೋ ಅಡಗಿಸಿಟ್ಟು ಮೂಸಿ ಹುಡುಕಲು ಬಿಟ್ಟರೆ ಅದರ ತಲೆಗೆ ಕೆಲಸ ಸಿಗುತ್ತದೆ, ಕಾಲಿಗೆ ಬಿಡುವು ಸಿಗುತ್ತದೆ. ತೀರಾ ಚಡಪಡಿಸುವ ನಾಯಿಗೆ ಶಾಂತಗೊಳಿಸುವ ಔಷಧ ಕೇಳುವುದರಲ್ಲಿ ಸಂಕೋಚ ಬೇಡ.

ಎಂಟನೆಯ ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡ ಮೇಲೆ ನಡಿಗೆ ಹೆಚ್ಚಿಸಬಹುದು. ಈಜು ಒಳ್ಳೆಯ ವ್ಯಾಯಾಮ, ಆದರೆ ಪಣಂಬೂರಿನ ಅಲೆಗಳಲ್ಲಲ್ಲ, ನಿಂತ ನೀರಿನಲ್ಲಿ. ಕಡಲತೀರದ ಸಡಿಲ ಮರಳಿನಲ್ಲಿ ಕಾಲು ಹೂತು ತಿರುಚುತ್ತದೆ, ನೀರಂಚಿನ ಗಟ್ಟಿ ಮರಳಿನಲ್ಲಿ ಹಗ್ಗ ಹಿಡಿದು ನಡೆಸಿ. ಚೆನ್ನಾಗಿ ನಡೆಯುತ್ತಿದ್ದ ನಾಯಿ ಒಮ್ಮೆಲೇ ಕಾಲೆತ್ತಿದರೆ, ಗಾಯದಿಂದ ನೀರೊಸರಿದರೆ, ಮೂರು ವಾರವಾದರೂ ಕಾಲೂರದಿದ್ದರೆ ಕಾಯಬೇಡಿ.

ತೂಕ, ಅನ್ನ, ಬೂತಾಯಿ

ನಮ್ಮ ಮನೆನಾಯಿಗಳು ತಿನ್ನುವ ಅನ್ನ ಅತಿಯಾಯಿತು. ಕುಚ್ಚಲಕ್ಕಿ ಅನ್ನಕ್ಕೆ ಮೀನಿನ ಸಾರು ಬೆರೆಸಿ ಎರಡು ಹೊತ್ತು, ನಡುವೆ ಮನೆಯವರೆಲ್ಲರ ಕೈಯಿಂದ ಬಿಸ್ಕತ್ತು. ಕೈಯನ್ನು ಪಕ್ಕೆಯ ಮೇಲೆ ಮೆಲ್ಲಗೆ ಸವರಿದರೆ ಪಕ್ಕೆಲುಬು ಒತ್ತದೆಯೇ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಸಿಗದಿದ್ದರೆ ತೂಕ ಇಳಿಯಬೇಕು, ವಾರಕ್ಕೆ ದೇಹತೂಕದ ಶೇಕಡಾ 1ರಿಂದ 2ರಷ್ಟು. 40 ಕಿಲೋದ ನಾಯಿ ತಿಂಗಳಿಗೆ ಎರಡು ಕಿಲೋ ಇಳಿದರೂ ಮೊಣಕಾಲಿಗೆ ಅದು ಗೊತ್ತಾಗುತ್ತದೆ. ಅನ್ನವನ್ನು ಅಳೆದು ಹಾಕಿ, ಅರ್ಧ ಪಾಲಿಗೆ ಬೇಯಿಸಿದ ಅಲಸಂಡೆ, ಕುಂಬಳ, ಸೌತೆ ಸೇರಿಸಿ. ಮಾಂಸ, ಮೊಟ್ಟೆಯ ಪ್ರಮಾಣ ಇಳಿಸಬೇಡಿ, ಮಾಂಸಖಂಡ ಕಟ್ಟುವುದು ಅದರಿಂದಲೇ. ಸಾರಿನ ಈರುಳ್ಳಿ ನಾಯಿಗೆ ವಿಷ, ಅದನ್ನು ಪೂರ್ತಿ ಬಿಡಿ.

ಬೂತಾಯಿಯಲ್ಲಿರುವ ಒಮೆಗಾ-3 ಕೊಬ್ಬು ಕೀಲಿನ ಉರಿಯೂತವನ್ನು ತಗ್ಗಿಸಲು ನೆರವಾಗುತ್ತದೆ. ಉಪ್ಪು, ಮೆಣಸು ಹಾಕದೆ ಬೇಯಿಸಿ, ಮುಳ್ಳು ತೆಗೆದು, ವಾರದಲ್ಲಿ ಕೆಲವು ದಿನ ಒಂದೆರಡು ಮೀನು ಕೊಡಬಹುದು. ಅದರ ಲೆಕ್ಕವನ್ನು ಅಂದಿನ ಊಟದಿಂದ ಕಳೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುವಾಗ ವೈದ್ಯರನ್ನು ಕೇಳಿ ಮೀನೆಣ್ಣೆಯ ಕ್ಯಾಪ್ಸೂಲ್ ಕೊಡಿ. ಒಣಮೀನು ಮಾತ್ರ ಬೇಡ, ಉಪ್ಪು ವಿಪರೀತ.

ಇನ್ನೊಂದು ಮೊಣಕಾಲು

ಒಂದು ಕಡೆ ಲಿಗಮೆಂಟ್ ಹರಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಡೆಯದೂ ಹರಿಯುತ್ತದೆ, ಹಲವಕ್ಕೆ ಒಂದೆರಡು ವರ್ಷದೊಳಗೇ. ಸವೆತ ಎರಡೂ ಕಾಲುಗಳಲ್ಲಿ ಜತೆಯಾಗಿ ಸಾಗಿರುವುದೇ ಕಾರಣ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸುವಾಗ ಎರಡನೆಯ ಕಾಲನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ, ಮೊದಲ ಎಕ್ಸ್‌ರೇ ತೆಗೆಸುವಾಗಲೇ ಎರಡೂ ಮೊಣಕಾಲಿನದು ತೆಗೆಸಿ. ತಿಂಗಳಿಗೊಮ್ಮೆ ತೂಕ ಬರೆದಿಡಿ, ಎರಡೂ ತೊಡೆಗಳ ಸುತ್ತಳತೆಯನ್ನು ಟೈಲರ್ ಟೇಪಿನಿಂದ ಒಂದೇ ಎತ್ತರದಲ್ಲಿ ಅಳೆದು ಅದೇ ಪುಸ್ತಕದಲ್ಲಿ ಬರೆಯಿರಿ. ನಾಯಿ ಊಟದ ತಟ್ಟೆಯ ಮುಂದೆ ಕೂರುವಾಗ ಈ ಬಾರಿ ಒಳ್ಳೆಯ ಕಾಲು ಹೊರಚಾಚಿಕೊಂಡಿತೋ, ಅಂದೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.